ಜೇಡದ ಗೆರೆ

ನಮ್ಮ ಅಣ್ಣನ ಕಣ್ಣಿನ ಬಗ್ಗೆ ಎರಡು ಮಾತಿರಲಿಲ್ಲ. ನಕ್ಷೆ ಬರೆಯುವ ಕಚೇರಿಯಲ್ಲಿ ನಿವೃತ್ತಿಯಾಗುವವರೆಗೂ ಗೆರೆ ಎಳೆದವನು. ಯಾರ ಮನೆಗೆ ಹೋದರೂ ಕೂರುವ ಮೊದಲೇ ಬಾಗಿಲ ಚೌಕಟ್ಟು ಎಷ್ಟು ವಾಲಿದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ಸರಿಯೂ ಇರುತ್ತಿತ್ತು, ಅದಕ್ಕೇ ಯಾರೂ ಅವನನ್ನು ಎರಡನೇ ಸಲ ಕರೆಯುತ್ತಿರಲಿಲ್ಲ. ಕಚೇರಿಯಲ್ಲಿ ಅವನಿಗೆ ಬಿದ್ದ ಅಡ್ಡಹೆಸರು ಸ್ಕೇಲು. ಬೇರೆ ಯಾರಾದರೂ ಆಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಅಣ್ಣ ಅದನ್ನು ಬಿರುದು ಎಂದುಕೊಂಡ.

ಅಂಥವನಿಗೆ ನಿನ್ನ ಕಣ್ಣು ಹೋಗುತ್ತಿದೆ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದರೆ ನಮ್ಮ ಮನೆಯಲ್ಲಿ ಎಲ್ಲರ ಬೆರಳೂ ನನ್ನ ಕಡೆಗೇ ತಿರುಗುತ್ತದೆ. ನಾನು ಅವನ ಒಬ್ಬನೇ ತಮ್ಮ. ಹಲ್ಲಿನ ಸೆಟ್ಟು ಮಾಡುವುದು ನನ್ನ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಊರಿನ ಅರ್ಧ ಬಾಯಿಗಳಿಗೆ ಹಲ್ಲು ಕೊಟ್ಟವನಾದರೂ ಅಣ್ಣನ ಮುಂದೆ ಬಾಯಿ ಬಿಟ್ಟವನಲ್ಲ. ಮದುವೆಯಾಗದೆ ಉಳಿದದ್ದರಿಂದ ಸಂಜೆಗಳೆಲ್ಲ ಖಾಲಿ ಇದ್ದವು. ಆ ಸಂಜೆಗಳನ್ನು ಅಣ್ಣ ಕೇಳದೆಯೇ ತೆಗೆದುಕೊಂಡ.

ತೆಗೆದುಕೊಂಡು ಅವನು ಮಾಡಿದ್ದೇನೆಂದರೆ ಹಳೆಯ ಉಪಕರಣಗಳ ಸಂಗ್ರಹ. ಮುಚ್ಚಿದ ಕಾಲೇಜುಗಳ ಪ್ರಯೋಗಶಾಲೆಯಿಂದ, ಹಡಗು ಒಡೆಯುವವರ ಹಿತ್ತಲಿನಿಂದ, ಗುಜರಿ ಅಂಗಡಿಗಳಿಂದ ಹೊತ್ತು ತಂದ ದೂರದರ್ಶಕ, ದಿಕ್ಸೂಚಿ, ಸೂಕ್ಷ್ಮದರ್ಶಕ, ಗಾಜಿನ ಪೆಟ್ಟಿಗೆಯ ತಕ್ಕಡಿ. ಮನೆಯ ದೊಡ್ಡ ಕೋಣೆಯ ಮೂರು ಗೋಡೆ ಅವಕ್ಕೇ ಮೀಸಲು. ನಾಲ್ಕನೇ ಗೋಡೆಗೆ ಒರಗಿಸಿದ ಮಂಚದಲ್ಲಿ ಅಣ್ಣ ಅತ್ತಿಗೆ ಮಲಗುತ್ತಿದ್ದರು. ಬೇರೆ ಸಂಗ್ರಹಕಾರರು ತಂದದ್ದನ್ನು ಒರೆಸಿ ಸಾಲಾಗಿ ಇಡುತ್ತಾರೆ, ಬಂದವರಿಗೆ ತೋರಿಸಿ ಮೀಸೆ ತಿರುವುತ್ತಾರೆ. ಅಣ್ಣನದು ಹಾಗಲ್ಲ. ಕೆಲಸ ಮಾಡದ ವಸ್ತು ಶೆಲ್ಫು ಹತ್ತುವಂತಿಲ್ಲ. ತಕ್ಕಡಿ ತೂಗಬೇಕು, ಮುಳ್ಳು ಉತ್ತರಕ್ಕೆ ತಿರುಗಬೇಕು, ದೂರದರ್ಶಕದಲ್ಲಿ ಎದುರು ಕಟ್ಟಡದ ಇಟ್ಟಿಗೆ ಎಣಿಸಲು ಬರಬೇಕು. ರಿಪೇರಿಯ ಕೈ ನನ್ನದು, ಪಾಸು ಫೇಲು ಅವನದು.

ನಿವೃತ್ತಿಯಾದ ಮೇಲೆ ಅವನಿಗೆ ಇದ್ದದ್ದು ಇಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಒಬ್ಬ ಹಟಮಾರಿಯ ಕಥೆಯಾಗಿ ಕಾಣುತ್ತದೆ. ಹಟಮಾರಿ ಹೌದು. ಆದರೆ ಅವನಿಂದ ಕಣ್ಣು ಕಳೆದರೆ ಏನೂ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಜಗಳ ಶುರುವಾದದ್ದು ಒಂದು ಲೆವೆಲ್ಲಿನಿಂದ. ರಸ್ತೆ, ಕಾಲುವೆ ಮಾಡುವಾಗ ನೆಲದ ಏರುತಗ್ಗು ಅಳೆಯುವ ಹಿತ್ತಾಳೆಯ ದೂರದರ್ಶಕ ಅದು. ಗುಜರಿಯಲ್ಲಿ ಹಳೆಯ ನೀರಿನ ಮೀಟರುಗಳ ರಾಶಿಯ ಅಡಿ ಬಿದ್ದಿತ್ತು. ಈಗಿನವುಗಳ ಹಾಗಲ್ಲ, ತೀರಾ ಹಳೆಯ ಮಾದರಿ. ಕವಲು ಕಡ್ಡಿಯಂಥ ಎರಡು ಕವೆಗಳ ಮೇಲೆ ಕೊಳವೆ ಸುಮ್ಮನೆ ಮಲಗಿರುತ್ತದೆ, ಮೇಲಿನ ಕೊಂಡಿ ಬಿಚ್ಚಿದರೆ ಮಲಗಿದ್ದಲ್ಲೇ ಮಗ್ಗುಲು ಬದಲಾಯಿಸಿದ ಹಾಗೆ ಉರುಳಿಸಬಹುದು. ಅಣ್ಣ ಅದನ್ನು ಮಡಿಲಲ್ಲಿಟ್ಟುಕೊಂಡೇ ಮನೆಗೆ ಬಂದ.

ಮಸೂರಗಳು ಸರಿಯಿದ್ದವು. ಹೋಗಿದ್ದದ್ದು ಗೆರೆ ಮಾತ್ರ. ಇಂಥ ಕೊಳವೆಯಲ್ಲಿ ಕಣ್ಣಿಟ್ಟರೆ ನೋಟದ ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಕಾಣಬೇಕು. ಅಳತೆಯೆಲ್ಲ ಅಡ್ಡಗೆರೆಯ ಮೇಲೆ ನಿಂತಿದೆ. ತಲೆಗೂದಲು ಕಟ್ಟಿದರೆ ಆ ಮಸೂರದಲ್ಲಿ ಅದು ಬಾವಿ ಹಗ್ಗದಂತೆ ಕಾಣುತ್ತದೆ. ಹಿಂದಿನವರು ಜೇಡದ ನೂಲು ಕಟ್ಟುತ್ತಿದ್ದರು. ನಾವೂ ಅದನ್ನೇ ಕಟ್ಟುತ್ತಿದ್ದೆವು.

ಅದಕ್ಕೆಂದೇ ಸಾಮಾನಿನ ಕೋಣೆಯ ಕಿಟಕಿ ಮೂಲೆಯಲ್ಲಿ ಒಂದು ಜೇಡ ಇತ್ತು. ಆ ಮೂಲೆಗೆ ಪೊರಕೆ ತಾಗಿಸುವಂತಿರಲಿಲ್ಲ. ಅತ್ತಿಗೆ ಅದನ್ನು ಸೊಸೆ ಎಂದು ಕರೆಯುತ್ತಿದ್ದರು.

“ಎದುರು ಮಾತಾಡಲ್ಲ, ತನ್ನ ಊಟ ತಾನೇ ನೋಡ್ಕೊಳ್ಳುತ್ತೆ, ಸದಾ ಏನೋ ಒಂದು ಕೆಲಸ ಮಾಡ್ತಿರುತ್ತೆ. ಇಂಥ ಸೊಸೆ ಯಾರಿಗೆ ಸಿಗ್ತಾಳೆ ಹೇಳು,” ಅನ್ನುತ್ತಿದ್ದರು. ಮಕ್ಕಳಿಲ್ಲದ ಮನೆಯಲ್ಲಿ ಆ ಮಾತಿಗೆ ನಗಬೇಕೋ ಬೇಡವೋ ನನಗೆ ಕೊನೆಗೂ ತಿಳಿಯಲಿಲ್ಲ.

ನೂಲು ತೆಗೆಯುವುದು ಹೀಗೆ. ಕವೆಯಂತೆ ಬಗ್ಗಿಸಿದ ತಂತಿಯ ಮೇಲೆ ಜೇಡವನ್ನು ಹತ್ತಿಸಿ ಮೆಲ್ಲಗೆ ಅಲುಗಿಸಿದರೆ ಅದು ನೂಲು ಬಿಡುತ್ತ ಕೆಳಗಿಳಿಯುತ್ತದೆ. ಇಳಿದಷ್ಟನ್ನೂ ತಂತಿ ತಿರುಗಿಸುತ್ತ ಸುತ್ತಿಕೊಳ್ಳಬೇಕು. ಆಮೇಲೆ ಉಸಿರು ಹಿಡಿದು, ಕೊಳವೆಯೊಳಗೆ ಕೂರುವ, ಉಂಗುರದಷ್ಟು ಅಗಲದ ಹಿತ್ತಾಳೆ ಬಳೆಯ ಮೇಲಿನ ಗೀರುಗಳಲ್ಲಿ ಒಂದೆಳೆಯನ್ನು ಕೂರಿಸಿ, ಎರಡೂ ತುದಿಗೆ ಅರಗಿನ ಹನಿ ಇಡಬೇಕು. ಗಾಳಿಯಲ್ಲಿ ತೇವ ಇದ್ದರೆ ನೂಲು ಜೋಲುತ್ತದೆ. ಸೀನಿದರೆ ಮೊದಲಿನಿಂದ ಶುರು. ದಿನವಿಡೀ ಹಲ್ಲು ಕೂರಿಸಿ ಬಂದ ಕೈಗೆ ಇದು ಹೇಳಿ ಮಾಡಿಸಿದ ಶಿಕ್ಷೆ.

ಮೊದಲ ಸಲ ಕಟ್ಟಿ ಕೊಟ್ಟೆ. ಅಣ್ಣ ಬಲಗಣ್ಣು ಇಟ್ಟು ನೋಡಿದ. ಅವನು ಯಾವತ್ತೂ ನೋಡುವುದು ಬಲಗಣ್ಣಿನಲ್ಲೇ.

“ನಡುವೆ ಜೋತಿದೆ,” ಎಂದ.

ನಾನು ನೋಡಿದೆ. ಅಡ್ಡಗೆರೆ ಆ ತುದಿಯಿಂದ ಈ ತುದಿಗೆ ನೆಟ್ಟಗಿತ್ತು. ಆದರೆ ಅಣ್ಣ ಸೊಟ್ಟ ಅಂದ ಮೇಲೆ ನೆಟ್ಟಗಿದ್ದದ್ದೂ ಸೊಟ್ಟವೇ. ಅವನು ಚಿಮುಟದಿಂದ ಎಳೆ ಕಿತ್ತು ಹಾಕಿದ. ಮಾರನೆಯ ಸಂಜೆ ಮತ್ತೆ ಕಟ್ಟಿದೆ. ಮತ್ತೆ ಜೋತಿದೆ ಎಂದ. ತೇವದ ಗಾಳಿ ಎಂದು ಕಿಟಕಿ ಮುಚ್ಚಿಸಿದ. ಜೇಡಕ್ಕೆ ವಯಸ್ಸಾಯಿತು, ನೂಲಿನಲ್ಲಿ ಕಸುವಿಲ್ಲ ಎಂದ. ಕೊನೆಗೆ ತಪ್ಪು ಹೊರಿಸಲು ಅವನಿಗೆ ಉಳಿದವನು ನಾನೊಬ್ಬನೇ.

“ನಿನ್ ಕೈ ನಡುಗ್ತಿದೆ ಕಣೋ. ಮನಸ್ಸಿಟ್ಟು ಮಾಡ್ತಿಲ್ಲ ನೀನು.”

ಎಷ್ಟು ಎಳೆ ಕಟ್ಟಿದೆನೋ ಲೆಕ್ಕವಿಲ್ಲ. ಕಟ್ಟುವುದು, ಅವನು ನೋಡುವುದು, ಕೀಳುವುದು. ಬೆಳಿಗ್ಗೆ ಎದ್ದರೆ ಸಂಜೆಯ ನೆನಪಾಗಿ ಮೈ ಭಾರವಾಗುತ್ತಿತ್ತು. ಯಾರದೋ ಮೇಲ್ದವಡೆ ಕೈಯಲ್ಲಿ ಹಿಡಿದು, ಇವರಾದರೂ ಅಗಿಯುತ್ತಾರೆ, ನನ್ನದು ಬರೀ ನುಂಗುವುದಾಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಣ್ಣನ ಮೇಲೆ ಸಿಟ್ಟು ಬರುವಷ್ಟೂ ಶಕ್ತಿ ಉಳಿದಿರಲಿಲ್ಲ.

ಒಂದು ಸಂಜೆ ಅತ್ತಿಗೆ ಅಡುಗೆಮನೆಗೆ ಕರೆದರು. ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಮಾತಾಡಿದರು.

“ನಿಮ್ಮಣ್ಣಂಗೆ ಕಣ್ಣು ಸರಿಯಿಲ್ಲ.”

“ಯಾರು ಹೇಳಿದ್ರು ಅತ್ತಿಗೆ?”

“ಯಾರು ಹೇಳ್ಬೇಕು? ನೀರು ಲೋಟದ ಪಕ್ಕಕ್ಕೆ ಬಗ್ಗಿಸ್ತಾರೆ. ಪೇಪರಿನೋರು ನಡುವಿನ ಅಕ್ಷರ ನುಂಗಿ ಹಾಕ್ತಾರೆ ಅಂತ ಬೈತಾರೆ. ಮೊನ್ನೆ ನನ್ ಮುಖ ನೋಡಿ, ಒಂದು ಕಡೆ ಊದಿದೆಯಲ್ಲ, ಹಲ್ಲು ನೋವಾ, ತಮ್ಮಂಗೆ ತೋರಿಸು ಅಂದ್ರು. ನನ್ ಮುಖಕ್ಕೆ ಏನಾಗಿದೆ ನೋಡು.”

ಅವರ ಮುಖ ಎರಡೂ ಕಡೆ ಒಂದೇ ಸಮ ಬಾಡಿತ್ತು.

“ಡಾಕ್ಟ್ರ ಹತ್ರ ಹೋಗೋಣ ಅನ್ಬೇಕಿತ್ತು.”

“ಅಂದೆನಪ್ಪ. ನಿನ್ ಕನ್ನಡಕ ಬದಲಾಯಿಸ್ಕೋ ಹೋಗು ಅಂದ್ರು. ನಾನು ಹೇಳಿದ್ದು ಇವರಿಗೆ ಯಾವತ್ತು ಕೇಳಿಸಿದೆ? ನೀನು ಹೇಳು. ನೀನಾದ್ರೆ ಆ ಉಪಕರಣಗಳ ಭಾಷೆ ಗೊತ್ತಿರೋನು.” ನಲ್ಲಿ ನಿಲ್ಲಿಸಿ ಸೆರಗಿನಲ್ಲಿ ಕೈ ಒರೆಸಿಕೊಂಡರು. “ನಂಗೆ ಭಯ ಆಗ್ತಿದೆ ಕಣೋ.”

ಹಾಗೆ ಹೇಳಿಬಿಟ್ಟರೆ ಇನ್ನು ತಪ್ಪಿಸಿಕೊಳ್ಳುವುದು ಹೇಗೆ? ಕೋಣೆಗೆ ಹೋದೆ. ಅಣ್ಣ ನಾನು ಆಗಷ್ಟೇ ಕಟ್ಟಿದ ಎಳೆಯನ್ನು ನೋಡುತ್ತಿದ್ದ.

“ಮತ್ತೆ ಅದೇ ಹಣೆಬರಹ,” ಎಂದ.

“ಅಣ್ಣ, ಎಳೆ ನೆಟ್ಟಗಿದೆ. ಮೊದಲಿಂದ್ಲೂ ನೆಟ್ಟಗೇ ಇದೆ. ನಿನ್ ಕಣ್ಣಲ್ಲೇ ಏನೋ ಆಗಿದೆ, ಒಂದ್ಸಲ ತೋರಿಸ್ಕೊಂಡು ಬರೋಣ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ. “ಕೈಲಾಗಲ್ಲ ಅಂದ್ರೆ ಕೈಲಾಗಲ್ಲ ಅನ್ನು. ನನ್ ಕಣ್ಣಿನ ತಂಟೆಗೆ ಬರ್ಬೇಡ. ಇನ್ ಮೇಲೆ ಇದನ್ನ ಮುಟ್ಟಲೂ ಬೇಡ. ನಾನೇ ಕಟ್ಕೋತೀನಿ.”

ನಾನು ಚಿಮುಟ ಕೆಳಗಿಟ್ಟೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರ ಕಡೆ ನೋಡದೆ ಚಪ್ಪಲಿ ಹಾಕಿಕೊಂಡು ಹೊರಟೆ.

ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಸಂಜೆ ಕೆಲಸ ಮುಗಿಸಿ ನೇರ ನನ್ನ ರೂಮಿಗೆ ಬಂದು ಕಾಲು ಚಾಚಿ ಮಲಗುತ್ತಿದ್ದೆ. ಗೋಡೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಕೇಳುವವರಿರಲಿಲ್ಲ. ಎಷ್ಟೋ ಕಾಲದ ನಿದ್ದೆ ಬಾಕಿಯಿತ್ತು, ಅದನ್ನೆಲ್ಲ ಮಾಡಿದೆ. ಆದರೂ ಎದ್ದಾಗ ಆಯಾಸ ಹಾಗೇ ಇರುತ್ತಿತ್ತು. ನಾನು ಹೋಗಿ ಎಳೆದುಕೊಂಡು ಬರದ ಹೊರತು ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ಎಳೆಯಲು ಹೋದರೆ ಬರುವುದೂ ಇಲ್ಲ. ಈ ನಡುವೆ ಅವನ ಕಣ್ಣಿನ ರೋಗ ಯಾರಿಗೂ ಕಾಯುತ್ತಿರಲಿಲ್ಲ. ಇದನ್ನು ಮಗ್ಗುಲು ಬದಲಾಯಿಸುತ್ತ ಯೋಚಿಸುತ್ತಿದ್ದೆ.

ಕೆಲವು ವಾರಗಳಾದ ಮೇಲೆ ಅತ್ತಿಗೆಯ ಫೋನು ಬಂತು.

“ಸೊಸೆ ಹೋದ್ಲು,” ಎಂದರು.

ಅಣ್ಣ ನೂಲು ತೆಗೆಯಲು ತಾನೇ ಕೂತಿದ್ದನಂತೆ. ಜೇಡ ತಂತಿಯ ಮೇಲೆ ಎಲ್ಲಿದೆ ಎಂದು ಕಾಣದೆ ಬೆರಳಿಗೆ ಸಿಕ್ಕಿ ಸತ್ತಿತು. ಅವತ್ತಿನಿಂದ ಆ ಮೇಜಿನ ಮುಂದೆ ಕೂತವನು ಊಟಕ್ಕೆ ಕರೆದರೆ ಮಾತ್ರ ಏಳುತ್ತಾನೆ.

“ಏನಾದ್ರೂ ಹೇಳಿದ್ನಾ?”

“ಸಾರಿ ಅಂದ್ರು. ನಂಗಲ್ಲ, ಜೇಡಕ್ಕೆ.”

ಒಬ್ಬರ ಕೆಳದವಡೆ ಅರ್ಧಕ್ಕೆ ಬಿಟ್ಟು ಹೊರಟೆ. ಮಧ್ಯಾಹ್ನದ ಬಿಸಿಲು ಕೋಣೆಯೊಳಗೆ ಹಿತ್ತಾಳೆಯ ಮೇಲೆಲ್ಲ ಬಿದ್ದಿತ್ತು. ಅಣ್ಣ ಮೇಜಿಗೆ ಮೊಣಕೈ ಊರಿ ಕೂತಿದ್ದ. ಲೆವೆಲ್ಲು ಮುಂದೆಯೇ ಇತ್ತು. ನಾನು ಕೊನೆಗೆ ಕಟ್ಟಿದ ಎಳೆ ಒಳಗೆ ಹಾಗೇ ಇತ್ತು. ಹೊಸ ನೂಲು ಕೈಗೆ ಬರಲಿ, ಆಮೇಲೆ ಕಿತ್ತರಾಯಿತು ಎಂದು ಬಿಟ್ಟಿದ್ದನಂತೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಡಾಕ್ಟರ ಹೆಸರು ಎತ್ತಿದರೆ ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ಗೊತ್ತಿತ್ತು. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದು ಒಂದೇ ಪ್ರಶ್ನೆ.

“ಕೊಳವೆ ಉರುಳಿಸಿ ನೋಡಿದ್ಯಾ ಅಣ್ಣ?”

ಅವನು ತಲೆಯೆತ್ತಿದ. ಅಳತೆಯ ಕೆಲಸದವರಲ್ಲಿ ಒಂದು ಕಟ್ಟಳೆ ಇದೆ. ಯಾವ ಉಪಕರಣವನ್ನೂ ಒಂದೇ ಮಗ್ಗುಲಿನಿಂದ ನಂಬಬಾರದು, ಅದನ್ನು ತಿರುಗಿಸಿ ಇನ್ನೊಮ್ಮೆ ನೋಡಬೇಕು. ದೋಷ ಉಪಕರಣದ್ದಾದರೆ ಅದು ಉಪಕರಣದ ಜೊತೆ ತಿರುಗುತ್ತದೆ. ತಿರುಗದೆ ಇದ್ದಲ್ಲೇ ಇದ್ದರೆ ದೋಷ ನೋಡುವವನದು. ಇದನ್ನು ನನಗೆ ಕಲಿಸಿದವನೇ ಅವನು, ಪ್ರತಿಯೊಂದು ಉಪಕರಣಕ್ಕೂ ತಪ್ಪದೆ ಮಾಡುತ್ತಿದ್ದವನೂ ಅವನೇ. ಈ ಲೆವೆಲ್ಲಿಗೆ ಮಾತ್ರ ಮಾಡಿರಲಿಲ್ಲ. ಸೊಟ್ಟ ಎಂದು ಕಣ್ಣಿಗೆ ಕಂಡ ಮೇಲೆ ಮತ್ತೆ ಪರೀಕ್ಷೆ ಯಾಕೆ ಎಂದುಕೊಂಡನೋ, ಅಥವಾ ಒಳಗೊಳಗೇ ಹೆದರಿದ್ದನೋ, ನಾನು ಯಾವತ್ತೂ ಕೇಳಲಿಲ್ಲ.

“ಎಳೆ ಯಾವ ಕಡೆ ಜೋತಿದೆ?” ಎಂದೆ.

“ಕೆಳಕ್ಕೆ. ನಡುವಲ್ಲಿ, ಸ್ವಲ್ಪ ಎಡಕ್ಕೆ.”

“ಹಂಗಾದ್ರೆ ಅರ್ಧ ಸುತ್ತು ಉರುಳಿಸಿದ್ರೆ ಮೇಲಕ್ಕೆ ಉಬ್ಬಿ, ಬಲಕ್ಕೆ ಬಂದಿರ್ಬೇಕು.”

“ಅಷ್ಟು ಗೊತ್ತಾಗಲ್ವಾ ನಂಗೆ,” ಎಂದು ಕೊಂಡಿ ಬಿಚ್ಚಿದ. ಎರಡೂ ಕೈಯಿಂದ ಕೊಳವೆಯನ್ನು ಕವೆಗಳ ಮೇಲೆ ನಿಧಾನವಾಗಿ ಉರುಳಿಸಿದ. ಬಲಗಣ್ಣು ಇಟ್ಟ.

ನನಗೆ ಏನೂ ಕೇಳುವುದು ಬೇಕಿರಲಿಲ್ಲ. ಅವನ ಕತ್ತಿನ ಹಿಂಭಾಗ ಬಿಗಿದದ್ದು ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು. ಅವನು ಕೊಳವೆಯನ್ನು ವಾಪಸು ಉರುಳಿಸಿದ, ನೋಡಿದ. ಕಾಲು ಸುತ್ತು ಉರುಳಿಸಿದ, ನೋಡಿದ. ಮತ್ತೆ ಅರ್ಧ ಸುತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

“ತಿರುಗ್ತಿಲ್ಲ,” ಎಂದ.

ಇನ್ನೊಮ್ಮೆ ಉರುಳಿಸಿದ.

“ಹೆಂಗೆ ಉರುಳಿಸಿದ್ರೂ ಅಲ್ಲೇ ಇದೆ. ಕೆಳಗೇ, ಎಡಕ್ಕೇ ಇದೆ.”

ಆಮೇಲೆ ತಾನಾಗಿಯೇ ಮುಖ ಪಕ್ಕಕ್ಕೆ ಸರಿಸಿ, ಯಾವತ್ತೂ ಬಳಸದ ಎಡಗಣ್ಣನ್ನು ಕೊಳವೆಗೆ ಇಟ್ಟ. ಹೊಸದಾಗಿ ಕಲಿಯುವವನ ಹಾಗೆ ಮೂಗು ಅಡ್ಡ ಬಂತು, ಬಲಗಣ್ಣು ಮುಚ್ಚಲು ಬರದೆ ಅಂಗೈಯಿಂದ ಅದನ್ನು ಮುಚ್ಚಿಕೊಂಡ. ಬಹಳ ಹೊತ್ತು ನೋಡಿದ.

“ನೆಟ್ಟಗಿದೆ,” ಎಂದ.

ನಾನು ಗೆದ್ದಿದ್ದೆ. ಹುಟ್ಟಿದಾಗಿನಿಂದ ಮೊದಲ ಸಲ ಅಣ್ಣನ ಮುಂದೆ ನನ್ನ ಮಾತು ಸರಿಯಾಗಿತ್ತು. ಯಾಕಾದರೂ ಸರಿಯಾಯಿತೋ ಅನ್ನಿಸಿತು. ಅತ್ತಿಗೆ ಬಾಗಿಲಿಗೆ ಬಂದು, “ನಾಳೆ ಬೆಳಿಗ್ಗೆ ಹೋಗೋಣ್ವಾ?” ಎಂದು ಕೇಳಿದಾಗ ಅವನು ಹೂಂ ಅಂದ. ಅವರ ಸಂಸಾರದಲ್ಲಿ ಅಷ್ಟು ಬೇಗ ಬಂದ ಹೂಂ ಅದೊಂದೇ ಇರಬೇಕು.

ಕಣ್ಣಿನ ಆಸ್ಪತ್ರೆಯಲ್ಲಿ ಕಾದು ಕಾದು ಬೆಂಚು ಬಿಸಿಯಾಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಅವರಿಗೂ ನಮ್ಮಷ್ಟೇ ಸುಸ್ತಾಗಿತ್ತು. ಹನಿ ಹಾಕಿ, ಬೆಳಕು ಬಿಟ್ಟು, ಫೋಟೋ ತೆಗೆದು, ಕೊನೆಗೆ ಚೌಕಳಿ ಗೆರೆಗಳ ಒಂದು ಕಾರ್ಡು ಕೈಗೆ ಕೊಟ್ಟು ಒಂದೊಂದೇ ಕಣ್ಣಲ್ಲಿ ನೋಡಲು ಹೇಳಿದರು. ಬಲಗಣ್ಣಲ್ಲಿ ನೋಡಿ ಅಣ್ಣ ಕಾರ್ಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿದ. ಎಡಗಣ್ಣಲ್ಲಿ ನೋಡಿ, “ಒಳ್ಳೆ ಕೈ. ಗೆರೆ ಚೆನ್ನಾಗಿ ಎಳೆದಿದ್ದಾರೆ,” ಎಂದ.

“ಬಲಗಣ್ಣಲ್ಲಿ ಗೆರೆಗಳು ಬಗ್ಗಿದ ಹಾಗೆ ಕಾಣ್ತಿತ್ತಾ?” ಎಂದು ಡಾಕ್ಟರು ಕೇಳಿದರು.

“ಕಾಣ್ತಿತ್ತು.”

“ಎಷ್ಟು ದಿನದಿಂದ?”

“ಆಗ್ಲೇ ಕೆಲವು ತಿಂಗಳಾಯ್ತು.”

“ಅವಾಗ್ಲೇ ಯಾಕೆ ಬರ್ಲಿಲ್ಲ?”

ಅಣ್ಣ ಕಾರ್ಡನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟ. “ಜೇಡದ್ದು ತಪ್ಪು ಅಂದ್ಕೊಂಡೆ,” ಎಂದ.

ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಹೇಳುತ್ತೇನೆ ಎಂದು ಕೈಸನ್ನೆ ಮಾಡಿದೆ. ಅವರೇ ಮುಂದುವರಿಸಿದರು. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ನೀರು ಸೋರಿ ಊದಿಕೊಂಡಿದೆ, ಕಲೆ ಕಟ್ಟಿದೆ. ಶುರುವಿನಲ್ಲೇ ಬಂದಿದ್ದರೆ ಹೆಚ್ಚು ಉಳಿಸಬಹುದಿತ್ತು. ಈಗ ಕಣ್ಣಿಗೆ ಇಂಜೆಕ್ಷನ್ನು ಕೊಟ್ಟು ಇನ್ನೂ ಹಾಳಾಗದಂತೆ ನೋಡಿಕೊಳ್ಳಬಹುದು. ನಡುವಿನ ನೋಟ ಮಾತ್ರ ವಾಪಸು ಬರುವುದಿಲ್ಲ. ಇನ್ನೊಂದು ಕಣ್ಣಿಗೂ ಇದು ಬರಬಹುದು, ದಿನಾ ಬೆಳಿಗ್ಗೆ ಈ ಕಾರ್ಡು ನೋಡಿ, ಒಂದು ಗೆರೆ ಅಲುಗಿದರೂ ಓಡಿ ಬರಬೇಕು. ಅತ್ತಿಗೆ ಎಲ್ಲದಕ್ಕೂ ತಲೆಯಾಡಿಸಿದರು. ಅಣ್ಣ ಕಾರ್ಡನ್ನು ಜೇಬಿಗಿಟ್ಟುಕೊಂಡ.

ಬಸ್ಸಿನಲ್ಲಿ ಅತ್ತಿಗೆಗೆ ಮುಂದೆ ಸೀಟು ಸಿಕ್ಕಿತು. ನಾವಿಬ್ಬರೂ ಹಿಂದೆ ಕೂತೆವು. ಹನಿ ಹಾಕಿದ ಕಣ್ಣಿಗೆ ಬಿಸಿಲು ತಡೆಯದೆ ಅವನು ಕರವಸ್ತ್ರ ಹಿಡಿದುಕೊಂಡಿದ್ದ. ಎರಡು ಸ್ಟಾಪು ಹೋದ ಮೇಲೆ ಮೆಲ್ಲಗೆ ಕೇಳಿದ.

“ನೀನು ಕಟ್ಟಿದ ಎಳೆಗಳು. ನಾನು ಕಿತ್ತು ಹಾಕಿದ್ದು. ಎಲ್ಲಾ ನೆಟ್ಟಗಿದ್ವಾ?”

ಎಲ್ಲವೂ ನೆಟ್ಟಗಿದ್ದವು. ಒಂದೊಂದನ್ನೂ ಉಸಿರು ಹಿಡಿದು ಕೂರಿಸಿದ್ದೆ, ಒಂದೊಂದನ್ನೂ ನೋಡಿದ್ದೆ. ಇದನ್ನು ಅವನ ಬಾಯಿಂದಲೇ ಹೇಳಿಸಬೇಕೆಂದು ಎಷ್ಟು ಸಂಜೆ ಹಲ್ಲು ಕಚ್ಚಿಕೊಂಡು ಮನೆಗೆ ಹೋಗಿದ್ದೆ. ಈಗ ಅವನು ಕೇಳುತ್ತಿದ್ದ, ನಾನು ಒಂದು ಹೌದು ಅಂದರೆ ಸಾಕಿತ್ತು.

“ಮೊದಲಿನ ಒಂದೆರಡು ಸಡಿಲ ಇದ್ವು ಅಣ್ಣ,” ಎಂದೆ. “ಅವತ್ತು ನಂಗೆ ಸುಸ್ತಾಗಿತ್ತು.”

ಅವನು ಕರವಸ್ತ್ರ ಇಳಿಸಿದ. ಮುಖದಲ್ಲಿ ಸ್ವಲ್ಪ ಗೆಲುವು ಬಂತು.

“ನಾನು ಅವತ್ತೇ ಹೇಳ್ಲಿಲ್ವಾ? ನಿಂಗೆ ಆತುರ ಜಾಸ್ತಿ. ಚಿಕ್ಕವನಿದ್ದಾಗಿಂದ್ಲೂ ಅಷ್ಟೇ.”

“ಹೌದಣ್ಣ.”

“ಅರಗು ಒಣಗೋ ಮುಂಚೇನೇ ಕೈ ಬಿಡ್ತೀಯ.”

“ಹೌದು.”

ಸ್ವಲ್ಪ ಹೊತ್ತು ಹಾಗೇ ಬೈದ. ನಾನು ಕೇಳುತ್ತಾ ಕೂತೆ. ಎಷ್ಟೋ ದಿನಗಳ ಮೇಲೆ ಮೈ ಹಗುರಾದಂತಿತ್ತು. ಆಮೇಲೆ ಅವನ ದನಿ ತಗ್ಗಿತು.

“ಇನ್ ಮೇಲೆ ಹುಷಾರಾಗಿ ಕಟ್ಟು,” ಎಂದ. “ಕಟ್ಟಿ, ನೀನೇ ನೋಡು. ಸೊಟ್ಟಗಿದ್ರೆ ನೀನೇ ಕೀಳು. ಹೇಳೋಕೆ ನಾನಿಲ್ಲ ಇನ್ನು.”

ಅವನು ನನ್ನ ಕೆಲಸದಲ್ಲಿ ತಪ್ಪು ಹುಡುಕುವುದು ನಿಂತರೆ ಸಾಕು ಎಂದು ಇಷ್ಟು ವರ್ಷ ಬಯಸಿದ್ದೆ. ಬಸ್ಸು ತುಂಬ ಜನರಿದ್ದರು, ಅಳುವಂತಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, ಆಯ್ತಣ್ಣ, ಎಂದೆ.